ಮತವೂ ಋಣವೂ

ಚುನಾವಣೆಯನ್ನು ವಸ್ತುವಾಗಿ ಹಿಡಿದು ಕಾದಂಬರಿ ಬರೆಯುವುದು ಕಷ್ಟದ ಕೆಲಸ. ಚುನಾವಣೆಯಲ್ಲಿ ಗದ್ದಲವಿರುತ್ತದೆ, ರಸವಿರುವುದಿಲ್ಲ. ಕುತೂಹಲವಿರುತ್ತದೆ, ಎಣಿಕೆ ಮುಗಿದ ಮರುದಿನ ಅದೂ ಇರುವುದಿಲ್ಲ. ಗೆದ್ದವನ ಕೊರಳಿನ ಹಾರ ಬಾಡುವ ಮೊದಲೇ ಕಥೆ ಬಾಡಿಹೋಗುತ್ತದೆ. ಅದರಲ್ಲಿಯೂ ಒಂದು ನಗರದ ಮೇಯರ್ ಸ್ಥಾನಕ್ಕೆ ನಡೆದ ಚುನಾವಣೆಯೆಂದರೆ ಆ ಊರಿನ ಚರಂಡಿ, ದೀಪ, ಕಂದಾಯಗಳ ಜಗಳ. ಹೊರಗಿನವರಿಗೆ ಅದರಲ್ಲೇನು ಸ್ವಾರಸ್ಯ? ಹೀಗಿರುವಾಗ, ಸೋಲು ಗೆಲುವುಗಳೆರಡೂ ತಿಳಿದ ಮೇಲೂ ಎರಡನೆಯ ಸಲ, ಮೂರನೆಯ ಸಲ ಓದಿಸಿಕೊಳ್ಳುವ ಚುನಾವಣೆಯ ಕಾದಂಬರಿಯೊಂದು ಇದೆಯೆಂದರೆ ಅದು ವಿಚಾರ ಮಾಡತಕ್ಕ ಸಂಗತಿ. ಅಮೆರಿಕದ ಎಡ್ವಿನ್ ಓಕಾನರ್ 1956ರಲ್ಲಿ ಪ್ರಕಟಿಸಿದ ‘ದಿ ಲಾಸ್ಟ್ ಹುರ್ರಾ’ ಅಂಥ ಪುಸ್ತಕ. ‘ಕಡೆಯ ಜಯಘೋಷ’ ಎಂದು ಹೆಸರನ್ನು ಕನ್ನಡಿಸಬಹುದು. ಈಚೆಗೆ ಅದನ್ನು ಮತ್ತೆ ಓದಿದೆ. ಮೊದಲ ಓದಿನಲ್ಲಿ ಮುದುಕನೊಬ್ಬನ ಸೋಲಿಗಾಗಿ ಮರುಗಿದ್ದೆ. ಈ ಸಲ ಅವನನ್ನು ಸೋಲಿಸಿದ ಜನರ ವಿಷಯವಾಗಿ ಯೋಚನೆ ಹತ್ತಿತು. ಆ ಯೋಚನೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಓಕಾನರ್ (1918–1968) ಐರಿಷ್ ಮೂಲದವನು. ರೋಡ್ ಐಲೆಂಡಿನ ಪ್ರಾವಿಡೆನ್ಸ್ ಊರಿನಲ್ಲಿ ಹುಟ್ಟಿ, ಕೆಲಕಾಲ ರೇಡಿಯೋದಲ್ಲಿ ಕೆಲಸಮಾಡಿ, ಬಾಸ್ಟನ್ ನಗರದಲ್ಲಿ ನೆಲೆಸಿದ. ಇದು ಅವನ ಎರಡನೆಯ ಕಾದಂಬರಿ. ಮುಂದೆ 1961ರಲ್ಲಿ ಬಂದ ‘ದಿ ಎಡ್ಜ್ ಆಫ್ ಸ್ಯಾಡ್‌ನೆಸ್’ ಎಂಬ ಕೃತಿಗೆ ಪುಲಿಟ್ಜರ್ ಬಹುಮಾನ ದೊರೆಯಿತಾದರೂ ಜನ ಅವನನ್ನು ನೆನೆಯುವುದು ಈ ಮೇಯರನ ಕಥೆಗಾಗಿಯೇ. ಕಾದಂಬರಿಯ ಹೆಸರು ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟೇ ಆಗಿಹೋಯಿತು. ಇಳಿವಯಸ್ಸಿನ ರಾಜಕಾರಣಿ ಕೊನೆಯ ಸಲ ಕಣಕ್ಕಿಳಿದಾಗಲೆಲ್ಲ ಅಲ್ಲಿನ ಪತ್ರಿಕೆಗಳು ಈ ಮಾತನ್ನು ಬಳಸುತ್ತವೆ; ಬಳಸುವವರಲ್ಲಿ ಎಷ್ಟು ಜನ ಪುಸ್ತಕ ಓದಿದ್ದಾರೋ ಹೇಳಲಾಗದು.

ಕಥೆ ಸರಳವಾದದ್ದು. ಹೆಸರಿಲ್ಲದ ಒಂದು ದೊಡ್ಡ ನಗರ. ಅದಕ್ಕೆ ಫ್ರಾಂಕ್ ಸ್ಕೆಫಿಂಗ್ಟನ್ ಮೇಯರ್. ಎಪ್ಪತ್ತೆರಡು ವರ್ಷದ ಮುದುಕ; ಹಿಂದೆ ಗವರ್ನರನೂ ಆಗಿದ್ದವನು. ಇನ್ನೊಂದು ಅವಧಿಗೆ ತಾನೇ ನಿಲ್ಲುವುದಾಗಿ ಸಾರುತ್ತಾನೆ. ಪ್ರತಿದಿನ ಬೆಳಗ್ಗೆ ಅವನ ಮನೆಯ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಾರೆ: ಒಬ್ಬನಿಗೆ ಕೆಲಸ ಬೇಕು, ಒಬ್ಬಳಿಗೆ ಮಗನ ಬಿಡುಗಡೆ ಬೇಕು, ಇನ್ನೊಬ್ಬನಿಗೆ ಬಾಡಿಗೆಗೆ ಹಣ ಬೇಕು. ಅವನು ಎಲ್ಲರ ಹೆಸರನ್ನೂ ಬಲ್ಲ. ಅವರ ತಂದೆತಾಯಿಗಳ ಹೆಸರನ್ನೂ ಬಲ್ಲ. ಸ್ವಂತ ಮಗನೊಬ್ಬನಿದ್ದಾನೆ, ಕುಣಿತ ಮೋಜುಗಳಲ್ಲಿ ಕಾಲ ಕಳೆಯುವವನು. ಆದುದರಿಂದ ಮುದುಕ ತನ್ನ ಸೋದರಿಯ ಮಗ ಆಡಂ ಕಾಲ್‌ಫೀಲ್ಡನನ್ನು ಕರೆಸಿಕೊಳ್ಳುತ್ತಾನೆ. ಇಂಥ ಚುನಾವಣೆ ಇನ್ನು ಮುಂದೆ ನಡೆಯಲಾರದು, ಒಂದು ಕಾಲ ಮುಗಿಯುತ್ತ ಬಂದಿದೆ, ಪಕ್ಕದಲ್ಲಿ ನಿಂತು ನೋಡಿಕೋ ಎಂದು ಆಹ್ವಾನ ಕೊಡುತ್ತಾನೆ. ಎದುರಾಳಿ ಕೆವಿನ್ ಮೆಕ್‌ಕ್ಲಸ್ಕಿ, ಯುದ್ಧದಿಂದ ಮರಳಿದ ಯುವಕ. ಹೆಸರೂ ಇಲ್ಲ, ಕೆಸರೂ ಇಲ್ಲ. ಬ್ಯಾಂಕಿನ ಯಜಮಾನರು, ಪತ್ರಿಕೆಯ ಒಡೆಯ, ಚರ್ಚಿನ ಕಾರ್ಡಿನಲ್ ಎಲ್ಲರೂ ಮುದುಕನ ವಿರೋಧಿಗಳು. ಸ್ಕೆಫಿಂಗ್ಟನ್ ಹಳೆಯ ಕ್ರಮದಲ್ಲಿಯೇ ವಾರ್ಡಿನಿಂದ ವಾರ್ಡಿಗೆ, ಸಭೆಯಿಂದ ಸಭೆಗೆ ಓಡಾಡಿ ಭಾಷಣ ಮಾಡುತ್ತಾನೆ. ಸೋಲುತ್ತಾನೆ, ಅಲ್ಪಸ್ವಲ್ಪವಲ್ಲ, ಚೆನ್ನಾಗಿ ಸೋಲುತ್ತಾನೆ. ಅದೇ ರಾತ್ರಿ ಹೃದಯಾಘಾತವಾಗಿ ಮಲಗಿದವನು ಮೇಲೇಳುವುದಿಲ್ಲ.

ಈ ಕಥೆಯ ಹಿಂದಿರುವ ಊರಿನ ಪರಿಚಯ ಸ್ವಲ್ಪ ಬೇಕು. ಓಕಾನರ್ ಹೆಸರು ಹೇಳದಿದ್ದರೂ ಅದು ಬಾಸ್ಟನ್ ಎಂಬುದರಲ್ಲಿ ಯಾರಿಗೂ ಸಂದೇಹ ಬರಲಿಲ್ಲ. ಆ ನಗರದ ಹಳೆಯ ಇಂಗ್ಲಿಷ್ ಮನೆತನಗಳನ್ನು ‘ಬಾಸ್ಟನ್ನಿನ ಬ್ರಾಹ್ಮಣ’ರೆಂದು ಕರೆಯುವ ವಾಡಿಕೆ ಹತ್ತೊಂಬತ್ತನೆಯ ಶತಮಾನದಿಂದ ಇದೆ, ನಮ್ಮ ಮಾತು ಅಷ್ಟು ದೂರ ಹೋಗಿ ಅಲ್ಲಿಯೂ ತನ್ನ ಅರ್ಥವನ್ನು ಕಳೆದುಕೊಳ್ಳಲಿಲ್ಲ. ವಿದ್ಯೆ, ಹಣ, ಮನೆತನದ ಹೆಮ್ಮೆ, ಮಡಿ ಎಲ್ಲವೂ ಅವರಲ್ಲಿದ್ದವು. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಕ್ಷಾಮವಾದಾಗ ಹಡಗು ಹಡಗಾಗಿ ಬಂದಿಳಿದ ಐರಿಷ್ ಬಡವರು ಈ ಬ್ರಾಹ್ಮಣರ ಮನೆಗಳಲ್ಲಿ ಮುಸುರೆ ತಿಕ್ಕಿದರು, ಬೀದಿಗಳಲ್ಲಿ ಕಲ್ಲು ಹೊತ್ತರು. ಅವರ ಮಕ್ಕಳಿಗೆ ಬ್ಯಾಂಕಿನ ಬಾಗಿಲು ತೆರೆಯಲಿಲ್ಲ. ಮತದ ಪೆಟ್ಟಿಗೆಯ ಬಾಗಿಲೊಂದು ತೆರೆದಿತ್ತು. ಅದನ್ನು ಹಿಡಿದು ಅವರು ನಗರಸಭೆಯನ್ನೇ ಹಿಡಿದರು. ಕಾದಂಬರಿಯಲ್ಲಿ ಪತ್ರಿಕೆಯ ಒಡೆಯ ಏಮಸ್ ಫೋರ್ಸನಿಗೂ ಮೇಯರನಿಗೂ ಇರುವ ಹಗೆಯ ಬೇರು ಇಲ್ಲಿದೆ. ಸ್ಕೆಫಿಂಗ್ಟನ್ನನ ತಾಯಿ ಫೋರ್ಸರ ಮನೆಯಲ್ಲಿ ಕೆಲಸಕ್ಕಿದ್ದಳು. ಒಂದಿಷ್ಟು ತಿನ್ನುವ ಪದಾರ್ಥ ತೆಗೆದುಕೊಂಡಳೆಂದು ಅವಳನ್ನು ಹೊರಗೆ ಹಾಕಿದ್ದರು. ಆ ಸಣ್ಣ ಸಂಗತಿಯನ್ನು ಎರಡು ಕಡೆಯವರೂ ಮರೆತಿಲ್ಲ. ನಗರದ ರಾಜಕೀಯವೆಲ್ಲ ಒಂದು ಅಡುಗೆಮನೆಯ ಅವಮಾನದಿಂದ ಹೊರಟಿತೆಂದು ತೋರಿಸುವಲ್ಲಿ ಕಾದಂಬರಿಕಾರನ ಕಣ್ಣು ಸೂಕ್ಷ್ಮವಾಗಿದೆ.

ಪುಸ್ತಕದ ಹೃದಯವಿರುವುದು ಒಂದು ಸಾವಿನ ಮನೆಯಲ್ಲಿ. ನಾಕೊ ಮಿನಿಹನ್ ಎಂಬ ಮುದುಕ ಸತ್ತಿದ್ದಾನೆ. ಬದುಕಿದ್ದಾಗ ಯಾರಿಗೂ ಬೇಕಾಗಿರಲಿಲ್ಲ. ಅವನ ಹೆಂಡತಿ ಗರ್ಟ್ ಮಾತ್ರ ಒಳ್ಳೆಯ ಹೆಂಗಸು. ಐರಿಷರಲ್ಲಿ ಶವವನ್ನು ಮನೆಯಲ್ಲಿಟ್ಟು ನೆಂಟರಿಷ್ಟರು ರಾತ್ರಿ ಬಂದು ಕೂರುವ ಪದ್ಧತಿಯಿದೆ. ಅಲ್ಲಿಗೆ ಮೇಯರ್ ತನ್ನ ಸೋದರಳಿಯನೊಡನೆ ಹೋಗುತ್ತಾನೆ. ಅವನು ಬಂದನೆಂಬ ಸುದ್ದಿ ಹರಡಿದ ಕೂಡಲೆ, ಮೊದಲು ಖಾಲಿಯಾಗಿದ್ದ ಮನೆ ತುಂಬಿಹೋಗುತ್ತದೆ. ಹಾಲಿಗಳು, ಮಾಜಿಗಳು, ಕೆಲಸ ಬೇಡುವವರು, ಊಟ ಹುಡುಕಿಕೊಂಡು ಬಂದವರು ಎಲ್ಲರೂ ಸೇರುತ್ತಾರೆ. ಒಳಕೋಣೆಯಲ್ಲಿ ಹೆಣ, ಹೊರಕೋಣೆಯಲ್ಲಿ ವಾರ್ಡುಗಳ ಲೆಕ್ಕಾಚಾರ. ಆಡಂಗೆ ಹೇಸಿಗೆಯಾಗುತ್ತದೆ. ಸತ್ತವನ ಮನೆಯನ್ನು ಚುನಾವಣೆಯ ಕಚೇರಿ ಮಾಡಿಕೊಂಡರಲ್ಲ ಎಂದುಕೊಳ್ಳುತ್ತಾನೆ. ಓದುವ ನಮಗೂ ಹಾಗೆಯೇ ಅನಿಸುತ್ತದೆ.

ಆಗ ಜಾನ್ ಗಾರ್ಮನ್ ಎಂಬ ಹಳೆಯ ವಾರ್ಡಿನ ಮುಖಂಡ ಹುಡುಗನನ್ನು ಪಕ್ಕಕ್ಕೆ ಕರೆದು ತಿಳಿಯಹೇಳುತ್ತಾನೆ. ಮೇಯರ್ ಬಾರದಿದ್ದರೆ ಇಲ್ಲಿ ಯಾರು ಬರುತ್ತಿದ್ದರು? ಆ ವಿಧವೆ ಬರಿಯ ಕುರ್ಚಿಗಳನ್ನು ನೋಡಿಕೊಂಡು ರಾತ್ರಿ ಕಳೆಯಬೇಕಾಗಿತ್ತು. ಈಗ ತನ್ನ ಗಂಡನಿಗೆ ಇಷ್ಟು ಜನ ಇದ್ದರೆಂದು ಅವಳಿಗೆ ಸಮಾಧಾನ. ಮೇಯರ್ ಅವಳ ಕೈಗೆ ಸಾವಿರ ಡಾಲರನ್ನೂ ಕೊಟ್ಟಿದ್ದಾನೆ; ತೀರಿಹೋದ ತನ್ನ ಹೆಂಡತಿ ನಿನಗೆಂದು ಇಟ್ಟಿದ್ದ ಹಣ ಎಂದು ಒಂದು ಸುಳ್ಳು ಕಟ್ಟಿ ಕೊಟ್ಟಿದ್ದಾನೆ. ಸುಳ್ಳು ಹೇಳದಿದ್ದರೆ ಅವಳು ತೆಗೆದುಕೊಳ್ಳುವವಳಲ್ಲ. ಶವಸಂಸ್ಕಾರ ಮಾಡಿಸುವ ವ್ಯಾಪಾರಿ ದುಬಾರಿ ಪೆಟ್ಟಿಗೆಯನ್ನು ಆ ಬಡವಿಯ ತಲೆಗೆ ಕಟ್ಟಿದ್ದನ್ನು ಕಂಡು, ಅವನನ್ನು ಒಂದು ಮೂಲೆಗೆ ಒಯ್ದು ಹೆದರಿಸಿ ಬೆಲೆ ಇಳಿಸಿದ್ದಾನೆ. ಹೆದರಿಸಲು ಬಳಸಿದ್ದು ನಗರಸಭೆಯ ಅಧಿಕಾರವನ್ನು.

ಈ ಅಧ್ಯಾಯದ ಬೆಲೆ ಇಲ್ಲಿದೆ. ದಯೆ ಎಲ್ಲಿ ಮುಗಿಯಿತು, ವ್ಯಾಪಾರ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಲು ಓಕಾನರ್ ನಮಗೆ ಎಡೆಗೊಡುವುದಿಲ್ಲ. ಮೇಯರ್ ವಿಧವೆಗೆ ಕೊಟ್ಟದ್ದು ನಿಜವಾದ ಕರುಣೆ. ಆ ಕರುಣೆಯನ್ನು ಊರೆಲ್ಲ ಕಂಡಿತು, ಮತವಾಗಿ ಅದು ಮರಳುತ್ತದೆ ಎಂಬುದೂ ನಿಜ. ಎರಡೂ ನಿಜವೆಂದು ಅವನಿಗೂ ಗೊತ್ತು. ಇಂಗ್ಲಿಷಿನ ವಿಮರ್ಶಕರು ಇದನ್ನು ವಿವರಿಸಲು ಹಲವು ಮಾತು ಬಳಸಬೇಕಾಯಿತು. ನಮ್ಮಲ್ಲಿ ಅದಕ್ಕೆ ಒಂದೇ ಮಾತಿದೆ: ಋಣ. ಉಪ್ಪಿನ ಋಣ, ಅನ್ನದ ಋಣ ಎಂದು ನಾವು ಹೇಳುತ್ತೇವೆ. ಋಣವೆಂದರೆ ಬರಿಯ ಸಾಲವಲ್ಲ. ಸಾಲವನ್ನು ಬಡ್ಡಿಯೊಡನೆ ತೀರಿಸಿ ಪತ್ರ ಹರಿದುಹಾಕಬಹುದು. ಋಣವನ್ನು ತೀರಿಸಿದೆನೆನ್ನುವುದೇ ಕೃತಘ್ನತೆ. ಸ್ಕೆಫಿಂಗ್ಟನ್ನನ ಆಳ್ವಿಕೆಯೆಲ್ಲ ಈ ತೀರದ ಋಣದ ಮೇಲೆ ನಿಂತಿದೆ. ಒಂದು ಇಡೀ ನಗರ ಒಬ್ಬನಿಗೆ ಋಣಿಯಾಗಿದೆ. ಎರಡು ವರ್ಷಕ್ಕೋ ನಾಲ್ಕು ವರ್ಷಕ್ಕೋ ಒಂದು ದಿನ ಅದನ್ನು ಪೆಟ್ಟಿಗೆಯಲ್ಲಿ ಹಾಕಿ ಬರುತ್ತದೆ. ಮರುದಿನದಿಂದ ಮತ್ತೆ ಋಣ.

ಈ ಕಥೆಗೆ ಮಾದರಿಯಾದವನು ಜೇಮ್ಸ್ ಮೈಕೆಲ್ ಕರ್ಲಿ (1874–1958) ಎಂಬುದು ಲೋಕಪ್ರಸಿದ್ಧ. ಓಕಾನರ್ ಮಾತ್ರ ಅದನ್ನು ಒಪ್ಪಲಿಲ್ಲ. ಕರ್ಲಿಯ ಜೀವನ ಕಾದಂಬರಿಗಿಂತ ಒರಟಾದದ್ದು. ಹತ್ತು ವರ್ಷದವನಿದ್ದಾಗ ಕೂಲಿಯಾಗಿದ್ದ ತಂದೆ ಸತ್ತ. ತಾಯಿ ಕಚೇರಿಗಳ ನೆಲ ಒರೆಸಿ ಮಕ್ಕಳನ್ನು ಸಾಕಿದಳು. ಮುಂದೆ ಮೇಯರನಾದಾಗ ಅವನು ನಗರಸಭೆಯ ಕಸಗುಡಿಸುವ ಹೆಂಗಸರಿಗೆ ಉದ್ದ ಹಿಡಿಯ ಒರೆಸುಕೋಲುಗಳನ್ನು ಕೊಡಿಸಿದ. ಇನ್ನು ಮೇಲೆ ಅವರು ಮಂಡಿಯೂರಿ ನೆಲ ತಿಕ್ಕಬೇಕಾಗಿಲ್ಲವೆಂದ. 1904ರಲ್ಲಿ ತನ್ನ ವಾರ್ಡಿನ ಒಬ್ಬನ ಹೆಸರಿನಲ್ಲಿ ತಾನೇ ಸರ್ಕಾರಿ ಪರೀಕ್ಷೆ ಬರೆದು ಸೆರೆಮನೆ ಸೇರಿದ. ಸೆರೆಮನೆಯಲ್ಲಿದ್ದುಕೊಂಡೇ ನಗರಸಭೆಯ ಚುನಾವಣೆ ಗೆದ್ದ. ಸ್ನೇಹಿತನಿಗಾಗಿ ಮಾಡಿದೆನೆಂಬುದೇ ಅವನ ಪ್ರಚಾರ. ನಾಲ್ಕು ಅವಧಿಗೆ ಮೇಯರ್, 1935ರಿಂದ 1937ರವರೆಗೆ ಗವರ್ನರ್. ನಾಲ್ಕನೆಯ ಅವಧಿಯ ನಡುವೆ, 1947ರಲ್ಲಿ, ಅಂಚೆಯ ಮೂಲಕ ವಂಚನೆಯ ಅಪರಾಧಕ್ಕಾಗಿ ಮತ್ತೆ ಐದು ತಿಂಗಳು ಸೆರೆ. ಆ ಕಾಲದಲ್ಲಿ ಜಾನ್ ಹೈನ್ಸ್ ಎಂಬ ನಗರಸಭೆಯ ಗುಮಾಸ್ತ ಸದ್ದಿಲ್ಲದೆ ಕೆಲಸ ನೋಡಿಕೊಂಡ. ಅಧ್ಯಕ್ಷ ಟ್ರೂಮನ್ ಶಿಕ್ಷೆಯನ್ನು ತಗ್ಗಿಸಿದ ಮೇಲೆ ಕರ್ಲಿ ಮರಳಿ ಬಂದು, ಇಷ್ಟು ತಿಂಗಳಲ್ಲಿ ಆಗದಿದ್ದ ಕೆಲಸವನ್ನು ತಾನು ಒಂದೇ ದಿನದಲ್ಲಿ ಮಾಡಿದೆನೆಂಬ ಅರ್ಥದಲ್ಲಿ ಪತ್ರಿಕೆಯವರೆದುರು ಬೀಗಿದ. ಆ ಮಾತು ಗುಮಾಸ್ತನ ಮನಸ್ಸಿಗೆ ನಾಟಿತು. 1949ರ ನವೆಂಬರಿನಲ್ಲಿ ಅವನು ಎದುರು ನಿಂತು ಸುಮಾರು 11,000 ಮತಗಳಿಂದ ಕರ್ಲಿಯನ್ನು ಸೋಲಿಸಿದ. 1951ರಲ್ಲಿಯೂ 1955ರಲ್ಲಿಯೂ ಕರ್ಲಿ ಮತ್ತೆ ನಿಂತ, ಮತ್ತೆ ಸೋತ.

ಕಾದಂಬರಿ ಪ್ರಕಟವಾದಾಗ ಕರ್ಲಿ ಮೊದಲು ಕೋರ್ಟಿಗೆ ಹೋಗುವುದಾಗಿ ಹೆದರಿಸಿದ. ಬಳಿಕ ಅದರಿಂದ ತನಗೆ ಬಂದ ಕೀರ್ತಿಯನ್ನು ಕಂಡು ಸ್ಕೆಫಿಂಗ್ಟನ್ ತಾನೇ ಎಂದು ಹೇಳಿಕೊಂಡು ತಿರುಗಿದ. 1957ರಲ್ಲಿ ಬಂದ ಅವನ ಆತ್ಮಕಥೆಯ ಹೆಸರಿನ ಅರ್ಥ ‘ಮತ್ತೆಯೂ ಹಾಗೆಯೇ ಮಾಡುತ್ತಿದ್ದೆ’ ಎಂದು. ಪುಸ್ತಕದಲ್ಲಿ ತನಗೆ ಎಲ್ಲಕ್ಕಿಂತ ಹಿಡಿಸಿದ್ದು ತಾನು ಸಾಯುವ ಭಾಗವೆಂದು ಓಕಾನರನಿಗೆ ಹೇಳಿದನೆಂದೂ ಒಂದು ಕಥೆಯಿದೆ. ರಸಿಕನೆಂಬುದರಲ್ಲಿ ಅನುಮಾನವಿಲ್ಲ.

ಇಲ್ಲಿಗೆ ಬಂದಾಗ ವಿಮರ್ಶಕನಾದವನು ಕಾದಂಬರಿಕಾರನನ್ನು ಒಂದು ಪ್ರಶ್ನೆ ಕೇಳಲೇಬೇಕು. ಸೆರೆಮನೆಯ ಕರ್ಲಿ ಎಲ್ಲಿ ಹೋದ? ಕಾದಂಬರಿಯಲ್ಲಿ ಲಂಚದ ಮಾತು ಬರುತ್ತದೆ, ವೈರಿಗಳ ಬಾಯಲ್ಲಿ ಬರುತ್ತದೆ; ನಮ್ಮ ಕಣ್ಣೆದುರು ನಡೆಯುವುದಿಲ್ಲ. ಗರ್ಟ್ ಮಿನಿಹನ್ನಳಿಗೆ ಕೊಟ್ಟ ಸಾವಿರ ಡಾಲರ್ ಯಾರ ಹಣ? ಮೇಯರನ ಸಂಬಳದಿಂದ ಬಂದದ್ದೇ, ನಗರದ ಕಾಮಗಾರಿ ಹಿಡಿದ ಗುತ್ತಿಗೆದಾರನ ಜೇಬಿನಿಂದ ಬಂದದ್ದೇ? ಗುತ್ತಿಗೆದಾರನ ಜೇಬಿಗೆ ಅದು ಬಂದದ್ದು ಎಲ್ಲಿಂದ? ಕರ್ಲಿ ಬಡವರಿಗಾಗಿ ಆಸ್ಪತ್ರೆಯ ಕಟ್ಟಡಗಳನ್ನು ಕಟ್ಟಿಸಿದ, ದಕ್ಷಿಣ ಬಾಸ್ಟನ್ನಿನ ಕಡಲದಂಡೆಯಲ್ಲಿ ಸ್ನಾನಗೃಹ ಕಟ್ಟಿಸಿದ, ಇದೆಲ್ಲ ನಿಜ. ನಗರದ ಮಧ್ಯದ ಕಟ್ಟಡಗಳ ಮೇಲೆ ಕಂದಾಯ ಏರಿಸಿ, ಬಂಡವಾಳಗಾರರು ಹೊಸದಾಗಿ ಕಟ್ಟಲು ಹಿಂಜರಿಯುವಂತಾದದ್ದೂ ನಿಜ. ಗ್ಲೇಸರ್, ಶ್ಲೈಫರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಇದಕ್ಕೆ ‘ಕರ್ಲಿ ಪರಿಣಾಮ’ವೆಂದೇ ಹೆಸರಿಟ್ಟರು. ತನಗೆ ಮತ ಹಾಕದವರು ಊರು ಬಿಟ್ಟು ಹೋಗುವಂತೆ ಆಡಳಿತ ನಡೆಸಿದರೆ ಊರು ಬಡವಾಗುತ್ತದೆ, ಆಳುವವನ ಸ್ಥಾನ ಭದ್ರವಾಗುತ್ತದೆ ಎಂಬುದು ಅವರ ವಾದದ ಸಾರ. ಬಡವ ಬಡವನಾಗಿ ಉಳಿದಷ್ಟು ಕಾಲ ಋಣಿಯಾಗಿಯೂ ಉಳಿಯುತ್ತಾನೆ. ಈ ಕಹಿಯನ್ನು ಓಕಾನರ್ ತನ್ನ ಪುಸ್ತಕದೊಳಗೆ ಬಿಟ್ಟುಕೊಳ್ಳಲಿಲ್ಲ. ಬಿಟ್ಟುಕೊಂಡಿದ್ದರೆ ಸ್ಕೆಫಿಂಗ್ಟನ್ ಇನ್ನೂ ದೊಡ್ಡ ಪಾತ್ರವಾಗುತ್ತಿದ್ದ. ನಮ್ಮ ಪ್ರೀತಿಗೆ ಅಷ್ಟು ಸುಲಭವಾಗಿ ಸಿಕ್ಕುತ್ತಿರಲಿಲ್ಲ.

ಇದಕ್ಕೆ ಕಾರಣ ಕಥನದ ವಿಧಾನದಲ್ಲಿಯೇ ಇದೆ. ಮೇಯರನನ್ನು ನಾವು ಬಹುಮಟ್ಟಿಗೆ ಆಡಂನ ಕಣ್ಣಿನಿಂದ ನೋಡುತ್ತೇವೆ. ಆಡಂ ಪತ್ರಿಕೆಗೆ ಚಿತ್ರಕಥೆ ಬರೆಯುವ, ಸೌಮ್ಯ ಸ್ವಭಾವದ ಯುವಕ. ಅವನಿಗೆ ಮಾವನಿಂದ ಏನೂ ಬೇಕಾಗಿಲ್ಲ. ಆದುದರಿಂದ ಅವನು ಋಣಿಯಲ್ಲ. ಗೋಪುರದ ಮೇಲಿನಿಂದ ಜಾತ್ರೆ ನೋಡುವವನಂತೆ ನೋಡುತ್ತಾನೆ. ಬೆಳಗಿನ ಸಾಲಿನಲ್ಲಿ ಚಳಿಯಲ್ಲಿ ನಿಂತು, ಟೋಪಿಯನ್ನು ಕೈಯಲ್ಲಿ ಹಿಡಿದು, ತನ್ನ ಸರದಿ ಬಂದಾಗ ಹಲ್ಲುಗಿಂಜಬೇಕಾದ ಒಬ್ಬನ ಕಣ್ಣಿನಿಂದ ಒಂದು ಅಧ್ಯಾಯವಾದರೂ ಬಂದಿದ್ದರೆ! ಕೊಡುವವನ ಮನಸ್ಸನ್ನು ಇಷ್ಟು ಚೆನ್ನಾಗಿ ಬಲ್ಲ ಕಾದಂಬರಿಕಾರ ಪಡೆಯುವವನ ಮನಸ್ಸನ್ನು ಹೊಕ್ಕು ನೋಡಲಿಲ್ಲ. ಹೀಗಾಗಿ, ಆ ಪಡೆಯುವವರೆಲ್ಲ ಸೇರಿ ಒಂದು ದಿನ ಮೇಯರನನ್ನು ಸೋಲಿಸಿದಾಗ ನಮಗೆ ದಿಕ್ಕು ತೋಚುವುದಿಲ್ಲ. ಇದು ಎಲ್ಲಿಂದ ಬಂತು?

ಎದುರಾಳಿಯ ಚಿತ್ರಣದಲ್ಲಿಯೂ ಇದೇ ಕೊರತೆಯಿದೆ. ಮೆಕ್‌ಕ್ಲಸ್ಕಿ ಟೆಲಿವಿಷನ್ನಿನಲ್ಲಿ ಹೆಂಡತಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅಭ್ಯಾಸಮಾಡಿದ ಮಾತು ಆಡುವ ದೃಶ್ಯ ನಗು ತರಿಸುತ್ತದೆ. ಮುಂದೆ ಬರಲಿದ್ದ ಕಾಲವನ್ನು ಓಕಾನರ್ 1956ರಲ್ಲಿಯೇ ಕಂಡದ್ದು ಅವನ ಜಾಣತನ. ಆದರೆ ಗೆದ್ದವನನ್ನು ಬರಿಯ ಗೊಂಬೆ ಮಾಡಿದಾಗ, ಅವನಿಗೆ ಮತ ಹಾಕಿದವರೂ ಗೊಂಬೆಯಾಟಕ್ಕೆ ಮರುಳಾದ ಮಕ್ಕಳಾಗಿಬಿಡುತ್ತಾರೆ. ಚರಿತ್ರೆಯ ಹೈನ್ಸ್ ಗೊಂಬೆಯಾಗಿರಲಿಲ್ಲ. ಅವನು ಕಡತ ಬಲ್ಲ ಗುಮಾಸ್ತ. ಗಟ್ಟಿಯಾದ ಮಾತಿನಿಂದಲ್ಲ, ಗಟ್ಟಿಯಾದ ಕೆಲಸದಿಂದ ಹೆಸರು ಪಡೆದವನು.

ಸೋಲಿಗೆ ಕಾದಂಬರಿ ಒಂದು ಕಾರಣ ಕೊಡುತ್ತದೆ. ಜಾಕ್ ಮ್ಯಾಂಗನ್ ಎಂಬ ಯುವಕ ಆಡಂಗೆ ಹೇಳುವ ಮಾತು ಅದು. ಮುದುಕನನ್ನು ಸೋಲಿಸಿದವನು ಮೆಕ್‌ಕ್ಲಸ್ಕಿಯಲ್ಲ, ಹತ್ತು ವರ್ಷಗಳ ಹಿಂದೆ ಸತ್ತ ಫ್ರಾಂಕ್ಲಿನ್ ರೂಸ್ವೆಲ್ಟ್ ಎಂಬುದು ಅವನ ವಾದ. ಹಿಂದೆ ಕೆಲಸ ಹೋದವನು, ಗಂಡ ಸತ್ತವಳು, ಮುಪ್ಪಿನವರು ವಾರ್ಡಿನ ಮುಖಂಡನ ಮನೆಗೆ ಹೋಗಬೇಕಾಗಿತ್ತು. 1935ರ ಸಾಮಾಜಿಕ ಭದ್ರತೆಯ ಕಾನೂನು ಬಂದ ಮೇಲೆ ನಿರುದ್ಯೋಗಿಗೆ ಭತ್ಯ, ಮುದುಕರಿಗೆ ಪಿಂಚಣಿ ಸರ್ಕಾರದಿಂದ ನೇರವಾಗಿ ದೊರೆಯಿತು. ಮುಖಂಡನ ಕೈಯಲ್ಲಿದ್ದ ಬುತ್ತಿ ಹೋಯಿತು. ಬುತ್ತಿಯ ಜೊತೆಗೆ ಮತವೂ ಹೋಯಿತು. ಈ ವಾದ ಎಷ್ಟು ಜನಪ್ರಿಯವಾಯಿತೆಂದರೆ ರಾಜ್ಯಶಾಸ್ತ್ರದ ಪುಸ್ತಕಗಳಲ್ಲಿ ಅದಕ್ಕೆ ಕಾದಂಬರಿಯ ಹೆಸರೇ ಅಂಟಿಕೊಂಡಿತು.

ಆದರೆ ಚರಿತ್ರೆ ಅದನ್ನು ಪೂರ್ತಿ ಒಪ್ಪಲಿಲ್ಲ. ಕಾದಂಬರಿ ಬರುವ ಹಿಂದಿನ ವರ್ಷ, 1955ರಲ್ಲಿ, ಚಿಕಾಗೋ ನಗರದಲ್ಲಿ ರಿಚರ್ಡ್ ಡೇಲಿ ಮೇಯರನಾದ. ಹಳೆಯ ಮಾದರಿಯ ಮುಖಂಡನೇ ಆತ. ನೌಕರಿಗಳನ್ನು ಹಂಚಿ, ವಾರ್ಡುಗಳನ್ನು ಕಟ್ಟಿ ಆರು ಚುನಾವಣೆ ಗೆದ್ದು 1976ರಲ್ಲಿ ಅಧಿಕಾರದಲ್ಲಿದ್ದಾಗಲೇ ಸತ್ತ. ಬ್ರೂಸ್ ಸ್ಟೇವ್ ಎಂಬ ಇತಿಹಾಸಕಾರ ಪಿಟ್ಸ್‌ಬರ್ಗ್ ನಗರವನ್ನು ಅಭ್ಯಾಸಮಾಡಿ 1970ರಲ್ಲಿ ಬರೆದ ಪುಸ್ತಕದಲ್ಲಿ, ರೂಸ್ವೆಲ್ಟನ ಯೋಜನೆಗಳು ಅಲ್ಲಿನ ಪಕ್ಷದ ಮುಖಂಡರನ್ನು ಕುಗ್ಗಿಸುವ ಬದಲು ಬಲಪಡಿಸಿದವೆಂದು ತೋರಿಸಿದ. ಹಣ ಸರ್ಕಾರದ್ದಾದರೇನು, ಹಂಚುವ ಕೈ ಊರಿನದೇ ತಾನೆ? ಬಾಸ್ಟನ್ನಿನಲ್ಲಂತೂ ಇನ್ನೊಂದು ವಿಚಿತ್ರ. 1949ರ ಬಳಿಕ ಆ ಊರಿನಲ್ಲಿ ಚುನಾಯಿತನಾಗಿ ಅಧಿಕಾರದಲ್ಲಿದ್ದ ಯಾವ ಮೇಯರನೂ ಇನ್ನೊಂದು ಅವಧಿಗೆ ನಿಂತು ಸೋತದ್ದಿಲ್ಲ. ಹೈನ್ಸ್ ಗೆದ್ದ, ಕಾಲಿನ್ಸ್, ವೈಟ್, ಫ್ಲಿನ್ ಗೆದ್ದರು, ಮೆನಿನೊ 1993ರಿಂದ ಐದು ಸಲ ಆಯ್ಕೆಯಾದರು, 2025ರ ನವೆಂಬರಿನಲ್ಲಿ ಮಿಷೆಲ್ ವೂ ಎದುರಾಳಿಯೇ ಇಲ್ಲದೆ ಮರಳಿ ಆಯ್ಕೆಯಾದರು. ಪೀಠದಲ್ಲಿ ಕುಳಿತವರ ಸೋಲಿನ ಕಥೆಯಿಂದ ಹೆಸರಾದ ಊರಿನಲ್ಲಿ ಕುಳಿತವರು ಸೋಲುವುದೇ ನಿಂತುಹೋಯಿತು.

ಹಾಗಾದರೆ ಮ್ಯಾಂಗನ್ನನ ಮಾತು ಸುಳ್ಳೇ? ಅರ್ಧ ಸತ್ಯವೆಂದು ನನಗೆ ತೋರುತ್ತದೆ. ಅವನು ಬುತ್ತಿಯ ಲೆಕ್ಕ ಹೇಳಿದ; ಮಾನದ ಲೆಕ್ಕ ಹೇಳಲಿಲ್ಲ. ಬೆಳಗಿನ ಸಾಲಿನಲ್ಲಿ ನಿಂತವನ ಮಗ ಯುದ್ಧಕ್ಕೆ ಹೋಗಿ ಬಂದ, ಸರ್ಕಾರದ ವೆಚ್ಚದಲ್ಲಿ ಕಾಲೇಜು ಓದಿದ, ಗುಮಾಸ್ತನೋ ವಕೀಲನೋ ಆದ. ಅವನ ಅಪ್ಪ ಮೇಯರನಿಗೆ ಋಣಿ, ಅವನು ಅಲ್ಲ. ಅಪ್ಪ ಟೋಪಿ ತೆಗೆದು ನಿಂತದ್ದು ಅವನ ನೆನಪಿನಲ್ಲಿದೆ. ಫೋರ್ಸರ ಮನೆಯ ಅಡುಗೆಮನೆ ಸ್ಕೆಫಿಂಗ್ಟನ್ನನ ನೆನಪಿನಲ್ಲಿ ಉಳಿದಂತೆಯೇ ಉಳಿದಿದೆ. ಅವಮಾನ ಮಾಡಿದವನು ಬ್ರಾಹ್ಮಣನಾದರೇನು, ನಮ್ಮವನೇ ಆದರೇನು? ನಮ್ಮವನು ಪ್ರೀತಿಯಿಂದ ಕೊಟ್ಟ, ನಿಜ, ಬೇಡಿದ್ದಂತೂ ಬೇಡಿದ್ದೇ. ಈ ಮಗ ಮೆಕ್‌ಕ್ಲಸ್ಕಿಗೆ ಮತ ಹಾಕಿದ್ದು ನಾಯಿಮರಿಯಂಥ ಅವನ ಮುಖ ನೋಡಿಯಲ್ಲ. ಯಾರಿಗೂ ಋಣಿಯಾಗದೆ ಒಂದು ಸಲ ಮತ ಹಾಕಿನೋಡಬೇಕೆಂಬ ಆಸೆಯಿಂದ. ಓಕಾನರ್ ಸೋಲನ್ನು ದುರಂತವಾಗಿ ಬರೆದ. ಆ ದುರಂತದೊಳಗೆ ಒಂದು ಸಣ್ಣ ಬಿಡುಗಡೆಯೂ ಇತ್ತು. ಅದು ಅವನ ಕಣ್ಣಿಗೆ ಬೀಳಲಿಲ್ಲ, ಇಲ್ಲವೆ ಬಿದ್ದರೂ ಅವನು ಮುಖ ತಿರುಗಿಸಿದ.

ಹಾಗೆಂದು ಬಿಡುಗಡೆಯ ಕಥೆಯೂ ಸುಖಾಂತವಲ್ಲ. ಗೆದ್ದ ಹೈನ್ಸನ ಕಾಲದಲ್ಲಿಯೇ, 1958ರಿಂದ, ನಗರವನ್ನು ಹೊಸದು ಮಾಡುವ ಹೆಸರಿನಲ್ಲಿ ವೆಸ್ಟ್ ಎಂಡ್ ಎಂಬ ಬಡ ವಲಸೆಗಾರರ ಬಡಾವಣೆಯನ್ನು ನೆಲಸಮ ಮಾಡಿದರು. ಸಾವಿರಾರು ಜನ ಮನೆ ಕಳೆದುಕೊಂಡರು. ಹರ್ಬರ್ಟ್ ಗ್ಯಾನ್ಸ್ ಎಂಬ ಸಮಾಜಶಾಸ್ತ್ರಜ್ಞ ಕೆಡಹುವ ಮುನ್ನ ಅಲ್ಲಿ ವಾಸವಿದ್ದು 1962ರಲ್ಲಿ ಬರೆದ ‘ದಿ ಅರ್ಬನ್ ವಿಲೇಜರ್ಸ್’ ಎಂಬ ಪುಸ್ತಕ ಆ ಬದುಕಿನ ಚಿತ್ರವನ್ನು ಉಳಿಸಿದೆ. ಕಡತದಲ್ಲಿ ಎಲ್ಲವೂ ಕ್ರಮವಾಗಿತ್ತು. ನಕ್ಷೆಯಿತ್ತು, ಅಂದಾಜಿತ್ತು, ಮಂಜೂರಾತಿಯಿತ್ತು. ಆ ಮನೆಗಳಲ್ಲಿದ್ದವರ ಹೆಸರು ಬಲ್ಲವನು ಮಾತ್ರ ಮೇಜಿನ ಆ ಕಡೆ ಇರಲಿಲ್ಲ. ಸ್ಕೆಫಿಂಗ್ಟನ್ ಇದ್ದಿದ್ದರೆ ಹಾಗೆ ಮಾಡುತ್ತಿರಲಿಲ್ಲವೆಂದು ನಾನು ಆಣೆಯಿಟ್ಟು ಹೇಳಲಾರೆ. ಅವನಾಗಿದ್ದರೆ ಮಿನಿಹನ್ನನ ವಿಧವೆಯ ಮನೆ ಯಾವುದೆಂದಾದರೂ ಕೇಳುತ್ತಿದ್ದ.

ಕೊನೆಯ ದೃಶ್ಯವನ್ನು ಹೇಳದೆ ಈ ಪುಸ್ತಕವನ್ನು ಮುಚ್ಚುವ ಹಾಗಿಲ್ಲ. ಮುದುಕ ಸಾವಿನ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾನೆ. ಸುತ್ತ ಜನ. ಆಡಂನ ಹೆಂಡತಿಯ ತಂದೆ ರೋಜರ್ ಸುಗ್ರೂ, ಬದುಕಿಡೀ ಅವನನ್ನು ದ್ವೇಷಿಸಿದ ಧರ್ಮಭೀರು, ಈಗ ಉದಾರಿಯಾಗಿ, ಇನ್ನೊಂದು ಜನ್ಮ ಸಿಕ್ಕರೆ ಇವನು ಬಹಳ ಬೇರೆಯಾಗಿ ಬಾಳುತ್ತಿದ್ದನೆಂದು ಉಪದೇಶದ ಧಾಟಿಯಲ್ಲಿ ನುಡಿಯುತ್ತಾನೆ. ಸತ್ತಂತಿದ್ದವನು ಕಣ್ಣು ತೆರೆದು, ಖಂಡಿತ ಇಲ್ಲವೆಂದು ಒಂದು ಬೈಗುಳವನ್ನೂ ಸೇರಿಸಿ ಹೇಳುತ್ತಾನೆ. ನಗು ಬರುತ್ತದೆ, ಕಣ್ಣೂ ಒದ್ದೆಯಾಗುತ್ತದೆ. 1958ರಲ್ಲಿ ಜಾನ್ ಫೋರ್ಡ್ ಈ ಕಥೆಯನ್ನು ಚಲನಚಿತ್ರ ಮಾಡಿದಾಗ ಸ್ಪೆನ್ಸರ್ ಟ್ರೇಸಿ ಮೇಯರನ ಪಾತ್ರ ವಹಿಸಿದ. ಅದರಲ್ಲಿ ಸೋತ ರಾತ್ರಿ ಮುದುಕ ಒಬ್ಬನೇ ಮನೆಗೆ ನಡೆದುಹೋಗುತ್ತಾನೆ. ಹಿಂದೆ, ದೂರದಲ್ಲಿ, ಗೆದ್ದವನ ಮೆರವಣಿಗೆ ಎದುರು ದಿಕ್ಕಿಗೆ ಸಾಗುತ್ತದೆ. ಕಾದಂಬರಿಯ ಪುಟಗಟ್ಟಲೆ ಮಾತಿಗಿಂತ ಆ ಒಂದು ಚಿತ್ರ ಹೆಚ್ಚು ಹೇಳುತ್ತದೆ. ಚಿತ್ರ ತೆರೆಗೆ ಬಂದ ಮುಂದಿನ ತಿಂಗಳಲ್ಲಿ ಕರ್ಲಿ ಸತ್ತ.

ಓದಿ ಮುಗಿಸಿದ ಮೇಲೆ ಮನಸ್ಸು ಸಹಜವಾಗಿ ನಮ್ಮ ಊರಿನ ಕಡೆ ತಿರುಗುತ್ತದೆ. ಕರ್ಲಿ ಸೋತ 1949ರಲ್ಲಿಯೇ ಬೆಂಗಳೂರಿನ ನಗರ ಮತ್ತು ದಂಡಿನ ಪುರಸಭೆಗಳು ಒಂದಾಗಿ ಕಾರ್ಪೊರೇಷನ್ ಹುಟ್ಟಿತು. ನಮ್ಮ ಮೇಯರುಗಳನ್ನು ಜನ ನೇರವಾಗಿ ಆರಿಸಿದವರಲ್ಲ. ಸದಸ್ಯರು ಆರಿಸಿದರು, ಬಹುಕಾಲ ವರ್ಷಕ್ಕೊಬ್ಬರಂತೆ ಬಂದು ಹೋದರು. ಆದುದರಿಂದ ನಮ್ಮ ಸ್ಕೆಫಿಂಗ್ಟನ್ನರು ಮೇಯರನ ಕುರ್ಚಿಯಲ್ಲಿ ಕೂತವರಲ್ಲ, ವಾರ್ಡುಗಳ ಕಾರ್ಪೊರೇಟರುಗಳು. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದು, ಮುಂದೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಅಧಿಕಾರಿಗಳೇ ಊರು ನಡೆಸಿದಾಗ, ಸ್ಕೆಫಿಂಗ್ಟನ್ನನೂ ಇಲ್ಲದ ಮೆಕ್‌ಕ್ಲಸ್ಕಿಯೂ ಇಲ್ಲದ ನಗರ ಹೇಗಿರುತ್ತದೆಂದು ನಾವು ಕಂಡೆವು.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದರು. ಎಷ್ಟೋ ವರ್ಷಗಳ ಹಿಂದೆ ಒಬ್ಬ ಕಾರ್ಪೊರೇಟರು ಬೀದಿಗೆ ನಲ್ಲಿ ಹಾಕಿಸಿಕೊಟ್ಟಿದ್ದರು. ಆಮೇಲೆ ಅವರಿಂದ ಬೀದಿಗೆ ಏನೂ ಆಗಲಿಲ್ಲ. ಅಜ್ಜಿಯ ಮತ ಮಾತ್ರ ತಪ್ಪಲಿಲ್ಲ. ಯಾಕಜ್ಜಿ ಎಂದು ಕೇಳಿದರೆ, ‘ಅವನ ನೀರು ಕುಡಿದಿದೀನಪ್ಪಾ’ ಎನ್ನುತ್ತಿದ್ದರು. ನೀರು ಅವನದಲ್ಲ, ನಮ್ಮ ಕಂದಾಯದ್ದು ಎಂದು ನಾನು ವಾದ ಹೂಡಿದ್ದುಂಟು. ಅಜ್ಜಿ ನಕ್ಕು ಸುಮ್ಮನಾಗುತ್ತಿದ್ದರು. ಅವರ ಮೊಮ್ಮಗಳು ಈಗ ತನ್ನ ಹೆಸರಿನಲ್ಲಿ ನೀರಿನ ಬಿಲ್ಲು ಕಟ್ಟುತ್ತಾಳೆ. ನೀರು ಬಾರದ ದಿನ ಕಚೇರಿಗೆ ದೂರು ಕೊಟ್ಟು ಜೋರುಮಾಡುತ್ತಾಳೆ. ಅವಳು ಯಾರ ನೀರನ್ನೂ ಕುಡಿದಿಲ್ಲ. ಅವಳು ಸರಿ, ಪೂರ್ತಿ ಸರಿ. ನನ್ನ ವಾದವನ್ನೇ ಬಾಳುತ್ತಿದ್ದಾಳೆ. ಆದರೆ ಅಜ್ಜಿ ತೀರಿಕೊಂಡ ದಿನ ಆ ಹಳೆಯ ಕಾರ್ಪೊರೇಟರು, ಅಧಿಕಾರ ಹೋಗಿ ಎಷ್ಟೋ ಕಾಲವಾದವರು, ಕೋಲೂರಿಕೊಂಡು ಬಂದು ಜಗಲಿಯ ಮೇಲೆ ಒಂದು ಗಂಟೆ ಕೂತಿದ್ದರು. ಆಗ ಅವರಿಗೆ ಮತ ಬೇಕಾಗಿರಲಿಲ್ಲ. ‘ದಿ ಲಾಸ್ಟ್ ಹುರ್ರಾ’ದ ಸಾವಿನ ಮನೆಯ ಅಧ್ಯಾಯ ಓದುವಾಗ ನನಗೆ ಆ ಜಗಲಿ ನೆನಪಾಯಿತು. ಮತ ಋಣವಾಗಬಾರದು ಎಂಬ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ಹಾಗೆಂದಮೇಲೆ ಸತ್ತವರ ಮನೆಗೆ ಬಂದು ಕೂರುವವರು ಯಾರೆಂದು ಕಾದಂಬರಿ ಕೇಳುತ್ತದೆ. ಅದಕ್ಕೆ ನನ್ನಲ್ಲಿ ಸಿದ್ಧವಾದ ಉತ್ತರವಿಲ್ಲ.